ಬಿಸಿನೀರೂ ತಣ್ಣೆಲರೂ: ಮನೆಯ ಯಂತ್ರವನ್ನು ಬದಲಿಸತಕ್ಕ ಹೊತ್ತು

ಬೊಮ್ಮನಹಳ್ಳಿಯಲ್ಲಿ ನಾಲ್ಕಂತಸ್ತಿನ ಯಾವುದಾದರೊಂದು ಮನೆಯ ತಾರಸಿಯನ್ನೇರಿ, ಹೊಸೂರು ರಸ್ತೆಯ ಮೇಲ್ಸೇತುವೆಯನ್ನೂ 2025ರ ಆಗಸ್ಟಿನಿಂದ ಅದರ ಮಗ್ಗುಲಲ್ಲಿ ಓಡಾಡುತ್ತಿರುವ ಹಳದಿ ಮಾರ್ಗದ ಮೆಟ್ರೋ ರೈಲನ್ನೂ ಬೆನ್ನಿಗೆ ಬಿಟ್ಟು, ಹೊಂಗಸಂದ್ರ ಬೇಗೂರುಗಳ ಕಡೆಗೆ ದೃಷ್ಟಿಯನ್ನು ಹರಿಸಿದರೆ, ಮನೆಯೊಳಗಣ ಸಂಸಾರದ ಸುಖದುಃಖಗಳಲ್ಲಿ ಒಂದು ಪಾಲು ಮಾಳಿಗೆಯ ಮೇಲೆಯೇ ಕಾಣಸಿಗುತ್ತದೆ. ಕರಿಯ ನೀರಿನ ತೊಟ್ಟಿಗಳು. ಅವುಗಳ ಪಕ್ಕದಲ್ಲಿ ದಕ್ಷಿಣಕ್ಕೆ ಮುಖವಾಗಿ ಓರೆಯಾಗಿ ನಿಂತ ಸೋಲಾರಿನ ಗಾಜಿನ ಕೊಳವೆಗಳು. ಗೋಡೆಯ ಹೊರಮೈಯಲ್ಲಿ ಕಬ್ಬಿಣದ ತೋಳುಗಳ ಮೇಲೆ ಕುಳಿತ ಎ.ಸಿ. ಪೆಟ್ಟಿಗೆಗಳು; ಇವೆಲ್ಲದರ ನಡುವೆ, ಗಾರ್ಮೆಂಟ್ ಕಾರ್ಖಾನೆಗಳಲ್ಲಿ ದುಡಿಯುವ ಹೆಣ್ಣುಮಕ್ಕಳು ಬಾಡಿಗೆಗಿರುವ, ಶೀಟು ಹೊದಿಸಿದ ಒಂಟಿ ಕೋಣೆಗಳ ಸಾಲು. ಸ್ವಲ್ಪ ಹೊತ್ತು ನಿಂತು ನೋಡಿದರೆ ಇನ್ನೊಂದು ಸಂಗತಿಯೂ ಗೋಚರವಾಗುವುದು. ಒಂದೆರಡು ಕೊಳವೆ ಒಡೆದುದಕ್ಕಾಗಿ ಇಡೀ ಸೋಲಾರನ್ನೇ ತೊರೆದು ಕೆಳಗೆ ಗೀಸರ್ ಕೂಡಿಸಿದ ಮನೆಗಳೂ, ತುಕ್ಕುನೀರು ಸುರಿಸುತ್ತಿರುವ ಯಂತ್ರವನ್ನು ಮತ್ತೊಂದು ವರ್ಷ ನಡೆದೀತೆಂದು ಉಳಿಸಿಕೊಂಡ ಮನೆಗಳೂ ಒಂದೇ ಬೀದಿಯಲ್ಲಿವೆ. ಬಾಳಬಹುದಾಗಿದ್ದುದನ್ನು ಬಿಸುಡುವುದೂ ಬಿಡಬೇಕಾಗಿದ್ದುದನ್ನು ಹಿಡಿದುಕೊಳ್ಳುವುದೂ ಸಮಾನವಾದ ನಷ್ಟಗಳು. ಈ ಎರಡರ ನಡುವೆ ಬದಲಿಸತಕ್ಕ ಸರಿಯಾದ ಹೊತ್ತು ಯಾವುದೆಂಬುದೇ ಇಲ್ಲಿನ ವಿಚಾರ.

ಮೊದಲು ನಮ್ಮ ಊರಿನಲ್ಲಿ ಈ ಪ್ರಶ್ನೆಯ ಸ್ವರೂಪವೇನೆಂಬುದನ್ನು ತಿಳಿಯತಕ್ಕದ್ದು. ಮಿನ್ನೆಸೋಟದಲ್ಲಿಯೋ ಟೊರಾಂಟೊದಲ್ಲಿಯೋ ನೆಲಸಿದ ನಮ್ಮ ಬಂಧುಗಳ ಮನೆಯಲ್ಲಿ ನೆಲಮಾಳಿಗೆಯ ಫರ್ನೇಸ್ ಒಂದು ಜನವರಿಯ ರಾತ್ರಿ ನಿಂತುಹೋದರೆ ಕೊಳವೆಗಳಲ್ಲಿ ನೀರು ಹೆಪ್ಪುಗಟ್ಟುವುದು, ಮನುಷ್ಯರ ಜೀವಕ್ಕೂ ಅಪಾಯವುಂಟಾಗುವುದು. ಆದುದರಿಂದ ಅಲ್ಲಿ ಯಂತ್ರವನ್ನು ಅದು ಕೆಡುವುದಕ್ಕೆ ಮೊದಲೇ ಬದಲಿಸುವುದು ವಿವೇಕವೆನಿಸಿದೆ. ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನ ಸ್ಥಿತಿ ಬೇರೆ. ಈ ನಗರದ ದಾಖಲೆಯಲ್ಲಿರುವ ಅತ್ಯಂತ ಕಡಿಮೆಯ ಉಷ್ಣತೆ 1884ರ ಜನವರಿ 13ರಂದು ಕಂಡ 7.8 ಡಿಗ್ರಿ, ಅತ್ಯಂತ ಹೆಚ್ಚಿನದು 2016ರ ಏಪ್ರಿಲ್ 24ರಂದು ಕಂಡ 39.2 ಡಿಗ್ರಿ. ಚಳಿಗೆ ಕಂಬಳಿ ಸಾಕಾದ ಈ ಊರಿನಲ್ಲಿ ಮನೆಯನ್ನು ಕಾಯಿಸುವ ಯಂತ್ರವೇ ಬೇಕಿಲ್ಲ; ನಾವು ಕಾಯಿಸುವುದು ಸ್ನಾನದ ನೀರನ್ನು. ತಂಪಿನ ಅಗತ್ಯವಾದರೂ ಮಾರ್ಚಿನಿಂದ ಮೇ ತಿಂಗಳಿನವರೆಗಣ ಎರಡೂವರೆ ತಿಂಗಳ ಮಾತು. ಆದ್ದರಿಂದ ಗೀಸರ್, ಸೋಲಾರ್, ಎ.ಸಿ., ಫ್ಯಾನು ಎಂಬ ನಾಲ್ಕು ಯಂತ್ರಗಳೇ ನಮ್ಮ ವಿಚಾರದ ವಿಷಯಗಳು. ಒಂದೊಂದರ ಆಯುಸ್ಸಿನ ಲೆಕ್ಕವೂ ಒಂದೊಂದು ಬಗೆಯದು.

ಈ ಲೆಕ್ಕವು ನಮ್ಮವರಿಗೆ ಹೊಸತಲ್ಲ. ಬಚ್ಚಲೊಲೆಯ ಮೇಲೆ ತಾಮ್ರದ ಹಂಡೆ ಕುಳಿತಿದ್ದ ಕಾಲದಲ್ಲಿ, ವರ್ಷಕ್ಕೊಮ್ಮೆ ಬೀದಿಗೆ ಬರುತ್ತಿದ್ದ ಕಲಾಯಿಯವನ ಮುಂದೆ ಮನೆಯ ಪಾತ್ರೆಗಳೆಲ್ಲ ಪರೀಕ್ಷೆಗೆ ನಿಲ್ಲುತ್ತಿದ್ದುವು. ಒಳಮೈ ಮಾಸಿದ್ದರೆ ಕಲಾಯಿ. ತಳ ಬಿರಿದಿದ್ದರೆ ಬೆಸುಗೆ. ಬೆಸುಗೆಯ ಮಗ್ಗುಲಲ್ಲಿಯೇ ಮತ್ತೆ ಬಿರಿಯುವಷ್ಟು ತಾಮ್ರ ತೆಳುವಾಗಿದ್ದರೆ ತೂಕಕ್ಕೆ ಹಾಕಿ ಹೊಸ ಹಂಡೆ. ಹಂಡೆಗೆ ಎಷ್ಟು ವರ್ಷವಾಯಿತೆಂಬುದನ್ನು ಕೇಳುವ ಅಗತ್ಯ ಅಲ್ಲಿ ಬೀಳುತ್ತಿರಲಿಲ್ಲ. ಅಜ್ಜಿಯ ಕಾಲದ ಹಂಡೆಯೂ ಲೋಹ ಗಟ್ಟಿಯಾಗಿದ್ದರೆ ಮೊಮ್ಮಗಳ ಬಾಣಂತನಕ್ಕೆ ನೀರು ಕಾಯಿಸುತ್ತಿತ್ತು. ರಿಪೇರಿ ನಿಲ್ಲುವುದೋ ಇಲ್ಲವೋ ಎಂಬುದೊಂದೇ ಅಲ್ಲಿನ ಒರೆಗಲ್ಲು. ಆ ಒರೆಗಲ್ಲು ಇಂದಿನ ಯಂತ್ರಗಳಿಗೂ ಸಲ್ಲುವುದೆಂಬುದನ್ನು ಮುಂದೆ ಕಾಣಬಹುದು.

ಬದಲಾವಣೆಯ ಹೊತ್ತನ್ನು ಕುರಿತು ಈಗ ಬಳಕೆಯಲ್ಲಿರುವ ಮತಗಳು ಮುಖ್ಯವಾಗಿ ಮೂರು. ಮೊದಲನೆಯದು ವಯಸ್ಸಿನ ಮತ: ಗೀಸರಿಗೆ ಹತ್ತು ವರ್ಷ, ಎ.ಸಿ.ಗೆ ಹತ್ತು ಹನ್ನೆರಡು, ಸೋಲಾರಿಗೆ ಹದಿನೈದು ಇಪ್ಪತ್ತು ಎಂದು ಆಯುಸ್ಸನ್ನು ಮೊದಲೇ ಗೊತ್ತುಮಾಡಿ, ಅದು ತುಂಬಿದೊಡನೆ ಹೊಸತನ್ನು ತರಬೇಕೆನ್ನುವುದು. ಎರಡನೆಯದು ಬೆಲೆಯ ಮತ: ರಿಪೇರಿಯ ಖರ್ಚು ಹೊಸ ಯಂತ್ರದ ಬೆಲೆಯಲ್ಲಿ ಅರ್ಧವನ್ನು ಮೀರಿದರೆ ಬದಲಿಸು ಎನ್ನುವುದು, ಯಂತ್ರದ ವಯಸ್ಸನ್ನು ರಿಪೇರಿಯ ಖರ್ಚಿನಿಂದ ಗುಣಿಸಿ, ಬಂದ ಮೊತ್ತ 5,000 ಡಾಲರನ್ನು ದಾಟಿದರೆ ಹೊಸತನ್ನು ಕೊಳ್ಳಬೇಕೆಂದು ಅಮೆರಿಕದ ವ್ಯಾಪಾರಿಗಳು ಹೇಳುವ ಸೂತ್ರವೂ ಈ ಜಾತಿಯದೇ. ಮೂರನೆಯದು ಉಳಿತಾಯದ ಮತ: ಹೊಸ ಯಂತ್ರವು ವಿದ್ಯುತ್ತನ್ನು ಮಿಗಿಸುವುದಾದ್ದರಿಂದ ಹಳೆಯದು ನಡೆಯುತ್ತಿದ್ದರೂ ಬದಲಿಸಬೇಕೆನ್ನುವುದು. ಈ ಮೂರರಲ್ಲಿಯೂ ಸತ್ಯದ ಅಂಶವುಂಟು. ಆದರೆ ಮೂರೂ ಯಂತ್ರವನ್ನು ಅದರ ಮನೆಯಿಂದ ಬೇರ್ಪಡಿಸಿ ನೋಡುತ್ತವೆ. ಒಂದೇ ದಿನ, ಒಂದೇ ಅಂಗಡಿಯಲ್ಲಿ ಕೊಂಡ ಒಂದೇ ಮಾದರಿಯ ಎರಡು ಗೀಸರುಗಳು ಜಯನಗರದಲ್ಲೊಂದು ಹದಿನೈದು ವರ್ಷ ಬಾಳಿ, ಬೊಮ್ಮನಹಳ್ಳಿಯ ಗಾರ್ವೇಭಾವಿಪಾಳ್ಯದಲ್ಲೊಂದು ನಾಲ್ಕೇ ವರ್ಷಕ್ಕೆ ಸೋಲುವುದೇಕೆಂಬುದಕ್ಕೆ ಈ ಮತಗಳಲ್ಲಿ ಉತ್ತರವಿಲ್ಲ.

ಉತ್ತರವಿರುವುದು ನೀರಿನಲ್ಲಿ. ಬೊಮ್ಮನಹಳ್ಳಿಯು 2007ರಲ್ಲಿ ಬೆಂಗಳೂರು ಮಹಾನಗರಪಾಲಿಕೆಯೊಳಗೆ ಸೇರುವವರೆಗೆ ತನ್ನದೇ ನಗರಸಭೆಯನ್ನುಳ್ಳ ಬೇರೆ ಊರಾಗಿತ್ತು. ಇಲ್ಲಿನ ಬಹುಪಾಲು ಮನೆಗಳು ಕೊಳವೆಬಾವಿ ಮತ್ತು ಟ್ಯಾಂಕರುಗಳನ್ನೇ ನಂಬಿ ಬೆಳೆದುವು. ಗ್ರಾನೈಟು ಬಂಡೆಯ ಬಿರುಕುಗಳಿಂದ ನೂರಾರು ಅಡಿ ಆಳದಲ್ಲಿ ತೆಗೆದ ಈ ನೀರಿನಲ್ಲಿ ಸುಣ್ಣ ಮತ್ತು ಮೆಗ್ನೀಸಿಯಮ್ಮಿನ ಲವಣಗಳು ಕರಗಿರುತ್ತವೆ. ಕುಡಿಯುವ ನೀರಿನಲ್ಲಿ ಗಡಸುತನವು ಲೀಟರಿಗೆ 200 ಮಿಲಿಗ್ರಾಂ ಇರಬಹುದೆಂದೂ, ಬೇರೆ ನೀರೇ ದೊರೆಯದಾದಾಗ 600ರವರೆಗೆ ಸಹಿಸಬಹುದೆಂದೂ ಭಾರತೀಯ ಮಾನಕ ಸಂಸ್ಥೆಯ ನಿಯಮವಿದೆ. ಆದರೆ ನಾಲಗೆ ಸಹಿಸಿದುದನ್ನು ಗೀಸರು ಸಹಿಸಬೇಕೆಂಬ ನಿಯಮವಿಲ್ಲ. ಇಂಥ ನೀರು ಕಾದಾಗ, ಕರಗಿದ್ದ ಲವಣವು ಕರಗದ ಸುಣ್ಣದ ಕಲ್ಲಾಗಿ ಮಾರ್ಪಟ್ಟು, ಎಲ್ಲಿ ಬಿಸಿ ಹೆಚ್ಚೋ ಅಲ್ಲಿಯೇ, ಎಂದರೆ ಕಾಯಿಸುವ ಎಲಿಮೆಂಟಿನ ಮೈಮೇಲೆಯೇ, ಪದರಪದರವಾಗಿ ಕೂರುವುದು. ಇದನ್ನೇ ನಮ್ಮ ಜನ ಉಪ್ಪು ಕಟ್ಟುವುದೆನ್ನುತ್ತಾರೆ. ಪದರವು ದಪ್ಪವಾದಂತೆ ಎಲಿಮೆಂಟಿನ ಶಾಖ ನೀರಿಗೆ ದಾಟದೆ ಅದನ್ನೇ ಸುಡುವುದು. ಎಲಿಮೆಂಟ್ ಹೋಗಿದೆಯೆಂದು ಮೆಕ್ಯಾನಿಕ್ ಹೇಳುವಾಗ ಹೋದದ್ದು ಎಲಿಮೆಂಟು ನಿಜ, ಕೊಂದದ್ದು ನೀರು.

ಹೀಗಿರುವಾಗ ನಾಲ್ಕು ವರ್ಷದ ಗೀಸರನ್ನು ತೆಗೆದುಹಾಕಿ ಹೊಸತನ್ನು ಕೂಡಿಸಿದ ಮನೆಯವರು, ಮತ್ತೆ ನಾಲ್ಕು ವರ್ಷಕ್ಕೆ ಅದೇ ಮಾತನ್ನು ಕೇಳಬೇಕಾಗುವುದರಲ್ಲಿ ಸಂದೇಹವಿಲ್ಲ. ನಾನು ಹೇಳಬೇಕೆಂದಿರುವುದರ ತಿರುಳು ಇಷ್ಟೇ: ಯಂತ್ರವನ್ನು ಬದಲಿಸುವುದಕ್ಕೆ ಮೊದಲು ಯಂತ್ರವನ್ನು ಕೆಡಿಸಿದುದನ್ನು ಬದಲಿಸಬೇಕು. ಕೆಡುಕಿನ ಮೂಲವು ಹೊರಗಿನ ನೀರು, ವಿದ್ಯುತ್ತು, ಧೂಳು, ಮಾಳಿಗೆಗಳಲ್ಲಿದ್ದರೆ ಹೊಸ ಯಂತ್ರವೂ ಹಳೆಯದರ ಹಾದಿಯನ್ನೇ ಹಿಡಿಯುವುದು. ಅದು ಯಂತ್ರದ ಒಡಲಿನೊಳಗೇ ಇದ್ದು ರಿಪೇರಿಗೆ ನಿಲ್ಲದಿದ್ದರೆ, ಅದಕ್ಕೆ ಎರಡೇ ವರ್ಷವಾಗಿದ್ದರೂ, ಅಂದೇ ಬದಲಿಸತಕ್ಕ ಹೊತ್ತು.

ಗೀಸರಿನಲ್ಲಿ ಈ ಭೇದವನ್ನು ಗುರುತಿಸುವುದು ಕಷ್ಟವಲ್ಲ. ಎಲಿಮೆಂಟು, ಥರ್ಮೋಸ್ಟಾಟು, ಒತ್ತಡವನ್ನು ಬಿಡುವ ವಾಲ್ವು, ತುಕ್ಕನ್ನು ತನ್ನ ಮೇಲೆ ಎಳೆದುಕೊಂಡು ತೊಟ್ಟಿಯನ್ನು ಕಾಪಾಡುವ ಮೆಗ್ನೀಸಿಯಮ್ಮಿನ ಆನೋಡು, ಇವೆಲ್ಲ ಸವೆಯಲೆಂದೇ ಇರುವ ಭಾಗಗಳು. ಇವನ್ನು ಬದಲಿಸುವುದು ಹಂಡೆಗೆ ಕಲಾಯಿ ಹಾಕಿಸಿದಂತೆ. ವರ್ಷಕ್ಕೊಮ್ಮೆ ತೊಟ್ಟಿಯನ್ನು ಬಿಚ್ಚಿಸಿ ಸುಣ್ಣವನ್ನು ತೆಗೆಸುವುದೂ, ಬಿಸಿಯ ಗುರುತನ್ನು 50 ಅಥವಾ 55 ಡಿಗ್ರಿಯಲ್ಲಿ ನಿಲ್ಲಿಸುವುದೂ ಆಯುಸ್ಸನ್ನು ಬೆಳೆಸುತ್ತವೆ. ಹುಣಸೆಯ ಹುಳಿ ತಾಮ್ರದ ಮೇಲಣ ಕಿಲುಬನ್ನು ಬಿಡಿಸುವಂತೆ, ನಿಂಬೆಯ ಸಿಟ್ರಿಕ್ ಆಮ್ಲವು ಈ ಸುಣ್ಣವನ್ನು ಕರಗಿಸುವುದು. ಅಜ್ಜಿಯಂದಿರು ಬಲ್ಲ ರಸಾಯನಶಾಸ್ತ್ರವನ್ನೇ ಮೆಕ್ಯಾನಿಕ್ಕನೂ ಪ್ರಯೋಗಿಸುತ್ತಾನೆ. ಆದರೆ ಒಳತೊಟ್ಟಿಯ ಗಾಜುಲೇಪ ಬಿರಿದು, ಬೆಸುಗೆಯ ಅಂಚಿನಲ್ಲಿ ನೀರು ಜಿನುಗಿ, ಕೆಂಪು ನೀರು ನಲ್ಲಿಯಲ್ಲಿ ಬರತೊಡಗಿತೆಂದರೆ ತಾಮ್ರ ತೆಳುವಾದ ಹಂಡೆಯ ಸ್ಥಿತಿ ಬಂದಿತೆಂದೇ ತಿಳಿಯತಕ್ಕದ್ದು. ಆ ಮೇಲೆ ರಿಪೇರಿಗೆ ಕೊಡುವ ಒಂದೊಂದು ರೂಪಾಯಿಯೂ ವ್ಯರ್ಥ.

ಗೀಸರಿನ ವಿಷಯದಲ್ಲಿ ಉಳಿತಾಯದ ಮತವು ಬಹುಮಟ್ಟಿಗೆ ನಿಲ್ಲುವುದಿಲ್ಲ. 25 ಲೀಟರ್ ನೀರನ್ನು 22 ಡಿಗ್ರಿಯಿಂದ 60 ಡಿಗ್ರಿಗೆ ಏರಿಸಲು ಸುಮಾರು 1.1 ಯೂನಿಟ್ ವಿದ್ಯುತ್ತು ಬೇಕು. ಯಂತ್ರ ಹಳೆಯದಾಗಲಿ ಹೊಸದಾಗಲಿ, ಚೀಟಿಯ ಮೇಲಣ ದಕ್ಷತೆಯ ನಕ್ಷತ್ರ ಒಂದಿರಲಿ ಐದಿರಲಿ, ಪ್ರಕೃತಿಯ ಈ ಲೆಕ್ಕದಲ್ಲಿ ರಿಯಾಯಿತಿಯಿಲ್ಲ. ಗೀಸರಿನ ನಕ್ಷತ್ರಗಳು ಹೇಳುವುದು ಕಾದ ನೀರು ಸುಮ್ಮನೆ ನಿಂತಿರುವಾಗ ತೊಟ್ಟಿಯ ಗೋಡೆಯಿಂದ ಸೋರುವ ಶಾಖವನ್ನು ಮಾತ್ರ. ಸ್ನಾನಕ್ಕೆ ಮುನ್ನ ಹಾಕಿ, ಕಾದೊಡನೆ ಆರಿಸುವ ಮನೆಯಲ್ಲಿ ಆ ನಷ್ಟವೇ ಅತ್ಯಲ್ಪ. ನೂರಾರು ಜನರಿಗೆ ನೀರು ಕಾಯಿಸಬೇಕಾದ ಪಿ.ಜಿ.ಗಳಲ್ಲಿ ಮತ್ತು ದೊಡ್ಡ ವಸತಿಸಮುಚ್ಚಯಗಳಲ್ಲಿ ಮಾತ್ರ ಬೇರೆ ಮಾರ್ಗವುಂಟು: ಹೊರಗಾಳಿಯ ಶಾಖವನ್ನು ಎತ್ತಿ ನೀರಿಗೆ ಸೇರಿಸುವ ಹೀಟ್ ಪಂಪು, ಅದೇ ಕೆಲಸವನ್ನು ಸುಮಾರು ಮೂರನೆಯ ಒಂದು ಪಾಲು ವಿದ್ಯುತ್ತಿನಲ್ಲಿ ಮಾಡುವುದು.

ಸೋಲಾರು ಬೆಂಗಳೂರಿಗೆ ಬಹುಕಾಲದ ನಂಟು. ಕಟ್ಟಡಗಳಲ್ಲಿ ಸೌರ ಜಲತಾಪಕವನ್ನು ಕಡ್ಡಾಯಗೊಳಿಸಿ ಕರ್ನಾಟಕ ಸರ್ಕಾರವು 2007ರಲ್ಲಿ ಆದೇಶ ಹೊರಡಿಸಿತು; ಅದನ್ನು ಬಳಸುವ ಮನೆಗಳಿಗೆ ಬೆಸ್ಕಾಂ ಬಿಲ್ಲಿನಲ್ಲಿ ಯೂನಿಟ್ಟಿಗೆ 50 ಪೈಸೆಯಂತೆ ತಿಂಗಳಿಗೆ 50 ರೂಪಾಯಿಯವರೆಗೆ ರಿಯಾಯಿತಿಯೂ ನಡೆದುಬಂದಿದೆ. 100 ಲೀಟರ್ ನೀರನ್ನು ಮೇಲೆ ಹೇಳಿದ ಬಿಸಿಗೆ ತರಲು ದಿನಕ್ಕೆ ಸುಮಾರು ನಾಲ್ಕೂವರೆ ಯೂನಿಟ್ ಬೇಕಾಗುವುದರಿಂದ, ಸೂರ್ಯನು ಪುಕ್ಕಟೆಯಾಗಿ ಮಾಡಿಕೊಡುವ ಈ ಉಪಕಾರವನ್ನು ಸಣ್ಣ ದೋಷಕ್ಕಾಗಿ ಕಳೆದುಕೊಳ್ಳುವುದು ದೊಡ್ಡ ನಷ್ಟ. ಸೋಲಾರು ಎರಡು ಬಗೆ. ತಾಮ್ರದ ಸಣ್ಣ ಕೊಳವೆಗಳನ್ನು ಗಾಜಿನಡಿ ಹಾಸಿದ ಚಪ್ಪಟೆ ಫಲಕದ್ದು ಗಟ್ಟಿಮುಟ್ಟಾದರೂ ಗಡಸುನೀರಿನಲ್ಲಿ ಆ ಕೊಳವೆಗಳು ರಕ್ತನಾಳಗಳು ಮುಚ್ಚುವಂತೆ ಮುಚ್ಚಿಹೋಗುತ್ತವೆ. ನಿರ್ವಾತ ಗಾಜುಕೊಳವೆಯದು ಗಡಸುನೀರಿಗೆ ಹೆಚ್ಚು ತಾಳಿಕೊಳ್ಳುವುದು. ಒಂದು ಕೊಳವೆ ಒಡೆದರೆ ಅದೊಂದನ್ನೇ ಬದಲಿಸಬಹುದು. ಆದ್ದರಿಂದ ಕೊಳವೆಬಾವಿಯ ಮನೆಯಲ್ಲಿ ಚಪ್ಪಟೆ ಫಲಕದ ತಾಮ್ರನಾಳಗಳು ಶುದ್ಧಿಮಾಡಿದ ಮೇಲೂ ಮತ್ತೆ ಮತ್ತೆ ಕಟ್ಟಿಕೊಂಡರೆ ಆಗ ಬದಲಿಸತಕ್ಕದ್ದು, ಅದೂ ಅದೇ ಜಾತಿಯಿಂದಲ್ಲ, ಗಾಜುಕೊಳವೆಯ ಜಾತಿಯಿಂದ. ಒಳತೊಟ್ಟಿ ಸೋರಿ, ಅದನ್ನು ಸುತ್ತಿದ ಶಾಖರಕ್ಷಕ ಪದರ ನೆನೆದು, ಸಂಜೆ ಕಾದ ನೀರು ಬೆಳಗಿಗೆ ಆರಿಹೋಗುತ್ತಿದ್ದರೆ ಆಗಲೂ ಬದಲಿಸತಕ್ಕದ್ದು. ಉಳಿದ ದೋಷಗಳೆಲ್ಲ ರಿಪೇರಿಯವು.

ಇಲ್ಲಿ ಒಂದು ಶುಭಸೂಚನೆಯೂ ಉಂಟು. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ ಊರೆಲ್ಲ ಟ್ಯಾಂಕರಿನ ಹಿಂದೆ ಓಡಿದ್ದನ್ನು ಮರೆಯುವಂತಿಲ್ಲ. ಅದೇ ವರ್ಷದ ಅಕ್ಟೋಬರ್ 16ರಂದು ಉದ್ಘಾಟನೆಗೊಂಡ ಕಾವೇರಿ ಐದನೆಯ ಹಂತವು, ಪಾಲಿಕೆಗೆ ಸೇರಿದ 110 ಹಳ್ಳಿಗಳಿಗಾಗಿ ದಿನಕ್ಕೆ 775 ದಶಲಕ್ಷ ಲೀಟರ್ ನೀರನ್ನು ತರುವಂತೆ ರೂಪಿತವಾಗಿದೆ. ಕೊಳವೆಬಾವಿಯ ನೀರಿಗಿಂತ ನದಿಯ ನೀರು ಮೆದು. ಆ ನೀರು ತಮ್ಮ ಬೀದಿಗೆ ಬರಲಿರುವ ಮನೆಯವರು, ಹಳೆಯ ಗೀಸರನ್ನು ಒಂದು ಶುದ್ಧಿಯಿಂದ ಕೆಲವು ತಿಂಗಳು ನಡೆಸಿ, ನೀರು ಬದಲಾದ ಮೇಲೆ ಹೊಸ ಯಂತ್ರವನ್ನು ತರುವುದೇ ಲೇಸು. ಹೊತ್ತು ಎಂಬ ಮಾತಿಗೆ ಇಲ್ಲಿ ವಯಸ್ಸಿಗಿಂತ ವಿಶಾಲವಾದ ಅರ್ಥವಿದೆ.

ಎ.ಸಿ.ಯ ವಿಚಾರವು ಇನ್ನಷ್ಟು ವಿಸ್ತಾರವನ್ನು ಬೇಡುತ್ತದೆ. ಪ್ರತಿ ಮಾರ್ಚಿನಲ್ಲಿಯೂ ಬೊಮ್ಮನಹಳ್ಳಿಯ ಮನೆಗಳಲ್ಲಿ ಕೇಳಿಬರುವ ಮಾತು, ಗ್ಯಾಸ್ ಮುಗಿದಿದೆ, ತುಂಬಿಸಬೇಕು ಎಂಬುದು. ಅಡುಗೆಯ ಸಿಲಿಂಡರಿನ ರೂಢಿಯಿಂದ ಬಂದ ಈ ಮಾತು ಜನರನ್ನು ದಾರಿತಪ್ಪಿಸಿದೆ. ಒಲೆಯಲ್ಲಿ ಅನಿಲವು ಉರಿದು ಮುಗಿಯುವುದು, ಎ.ಸಿ.ಯಲ್ಲಿಯಾದರೋ ಅದು ಮುಚ್ಚಿದ ಕೊಳವೆಗಳಲ್ಲಿ ಸುತ್ತುತ್ತ, ಒಳಗಿನ ಶಾಖವನ್ನು ಹೀರಿ ಹೊರಗೆ ಸುರಿದು, ಮತ್ತೆ ಒಳಗೆ ಬರುವುದೇ ಹೊರತು ಖರ್ಚಾಗತಕ್ಕ ವಸ್ತುವಲ್ಲ. ಅದು ಕಡಿಮೆಯಾಗಿದ್ದರೆ ಎಲ್ಲಿಯೋ ಸೋರಿಕೆಯುಂಟೆಂದೇ ಅರ್ಥ. ಸೋರಿಕೆಯನ್ನು ಹುಡುಕಿ ಮುಚ್ಚದೆ ವರ್ಷವರ್ಷವೂ ತುಂಬಿಸುವುದು ತೂತುಬಿದ್ದ ಕೊಡಕ್ಕೆ ನೀರು ಹೊತ್ತಂತೆ. ಒಂದೇ ಕಡೆಯ ಸೋರಿಕೆಯನ್ನು ಬೆಸುಗೆಯಿಂದ ಮುಚ್ಚಬಹುದು. ಆದರೆ ರಾಜಕಾಲುವೆಯ ಬದಿಯ ಮನೆಗಳಲ್ಲಿ ಕೊಳಚೆಯಿಂದೇಳುವ ಗಂಧಕದ ಅನಿಲವು ತಾಮ್ರದ ಸುರುಳಿಯನ್ನು ಕಪ್ಪಾಗಿಸಿ, ಕಾಣದಷ್ಟು ಸೂಕ್ಷ್ಮವಾದ ತೂತುಗಳನ್ನು ಕೊರೆಯುವುದುಂಟು. ಹಾಗೆ ಹಲವು ಕಡೆ ಸೋರುವ ಸುರುಳಿಗೆ ಬೆಸುಗೆ ನಿಲ್ಲದು. ಅಂಥ ಮನೆಯವರು ಯಂತ್ರವನ್ನು ಬದಲಿಸುವಾಗ ರಕ್ಷಣಾಲೇಪವುಳ್ಳ ಸುರುಳಿಯನ್ನು ಕೇಳಿ ಪಡೆದು, ಹೊರಪೆಟ್ಟಿಗೆಯನ್ನು ಕಾಲುವೆಯ ಕಡೆಯಿಂದ ಬೇರೆ ಗೋಡೆಗೆ ಸರಿಸದೆ ಹೋದರೆ ಹೊಸ ಸುರುಳಿಗೂ ಅದೇ ಗತಿ.

ಯಾವ ಅನಿಲವೆಂಬುದೂ ವಿಚಾರಯೋಗ್ಯ. ಹಳೆಯ ಎ.ಸಿ.ಗಳಲ್ಲಿರುವ ಆರ್-22 ಎಂಬುದು ಭೂಮಿಯ ಓಜೋನ್ ಪದರವನ್ನು ಕೆಡಿಸುವ ಜಾತಿಯದು. 1987ರ ಮಾಂಟ್ರಿಯಲ್ ಒಪ್ಪಂದಕ್ಕೆ ಭಾರತವು 1992ರಲ್ಲಿ ಸೇರಿತು. ಆ ಒಪ್ಪಂದದ ಪ್ರಕಾರ ಈ ಜಾತಿಯ ಅನಿಲಗಳನ್ನು 2030ರ ಹೊತ್ತಿಗೆ ಬಹುತೇಕ ತೊರೆಯಬೇಕಾಗಿದೆ. ಅದರ ಸ್ಥಾನಕ್ಕೆ ಬಂದ ಆರ್-410ಎ ಓಜೋನಿಗೆ ನಿರಪಾಯವಾದರೂ, ತೂಕಕ್ಕೆ ತೂಕ ಲೆಕ್ಕಹಾಕಿದರೆ ಇಂಗಾಲದ ಡೈಆಕ್ಸೈಡಿಗಿಂತ ಎರಡು ಸಾವಿರ ಪಟ್ಟು ಭೂಮಿಯನ್ನು ಕಾಯಿಸುವಂಥದು. ಈಗ ಹೆಚ್ಚಾಗಿ ಬಳಕೆಯಾಗುವ ಆರ್-32ರಲ್ಲಿ ಈ ಪ್ರಮಾಣ 675, ಆರ್-290 ಎಂಬ ಪ್ರೊಪೇನಿನಲ್ಲಿ ಅತ್ಯಲ್ಪ. ಭೂಮಿಯನ್ನು ಕಾಯಿಸುವ ಇಂಥ ಅನಿಲಗಳನ್ನು ತಗ್ಗಿಸಲು ಮಾಂಟ್ರಿಯಲ್ ಒಪ್ಪಂದಕ್ಕೆ ತಂದ 2016ರ ಕಿಗಾಲಿ ತಿದ್ದುಪಡಿಯನ್ನು ನಮ್ಮ ದೇಶ 2021ರಲ್ಲಿ ಅನುಮೋದಿಸಿತು. ಗೃಹಸ್ಥನಿಗೆ ಇದರಿಂದ ದೊರೆಯುವ ಮಾರ್ಗದರ್ಶನವೆಂದರೆ, ಆರ್-22ರ ಯಂತ್ರವು ಸೋರದೆ ನಡೆಯುವಷ್ಟು ದಿನ ನಡೆಯಲಿ. ಅದರ ಕಂಪ್ರೆಸರು ಸುಟ್ಟಾಗಲೋ ಸುರುಳಿ ಸೋರಿದಾಗಲೋ ದೊಡ್ಡ ರಿಪೇರಿಗೆ ಹಣ ಸುರಿಯದೆ ಬದಲಿಸುವುದು ಉಚಿತ. ಹಳೆಯ ಯಂತ್ರಕ್ಕೆ ಹೊಸ ಅನಿಲವನ್ನು ತುಂಬಿಕೊಡುತ್ತೇನೆಂಬ ಮಾತಿಗೆ ಕಿವಿಗೊಡಬಾರದು; ಆರ್-32ರ ಒತ್ತಡವೂ ಹೊತ್ತಿಕೊಳ್ಳುವ ಸ್ವಭಾವವೂ ಬೇರೆಯಾದುದರಿಂದ ಅದು ಅಪಾಯಕರ.

ಇನ್ನು ನಡೆಯುತ್ತಿರುವ ಎ.ಸಿ.ಯನ್ನು ಉಳಿತಾಯಕ್ಕಾಗಿ ಬದಲಿಸಬಹುದೇ ಎಂಬುದನ್ನು ಲೆಕ್ಕದಿಂದಲೇ ನೋಡೋಣ. ಒಂದೂವರೆ ಟನ್ನಿನ ಹಳೆಯ ಯಂತ್ರ ಗಂಟೆಗೆ 1.6 ಯೂನಿಟ್ಟನ್ನೂ, ಹೊಸ ಇನ್ವರ್ಟರ್ ಯಂತ್ರ 1 ಯೂನಿಟ್ಟನ್ನೂ ಬಳಸುವುದೆಂದು ಹಿಡಿದರೆ, ರಾತ್ರಿ ಆರು ಗಂಟೆಯಂತೆ 80 ರಾತ್ರಿಗಳಲ್ಲಿ ಮಿಗುವುದು 288 ಯೂನಿಟ್. ಯೂನಿಟ್ಟಿಗೆ 7 ರೂಪಾಯಿಯಂತೆ ಸುಮಾರು 2,000 ರೂಪಾಯಿ. ಹೊಸ ಯಂತ್ರಕ್ಕೆ 40,000 ರೂಪಾಯಿಯಾದರೆ ಅದು ಹಿಂದಿರುಗಲು ಇಪ್ಪತ್ತು ವರ್ಷ ಬೇಕು. ಅಷ್ಟು ಕಾಲ ಹೊಸ ಯಂತ್ರವೇ ಬಾಳದು. ಅದೇ ಯಂತ್ರ ಕಲಬುರಗಿಯ ಮನೆಯೊಂದರಲ್ಲಿ ದಿನಕ್ಕೆ ಹತ್ತು ಗಂಟೆಯಂತೆ ಆರು ತಿಂಗಳು ನಡೆದರೆ ವರ್ಷಕ್ಕೆ ಸುಮಾರು 7,500 ರೂಪಾಯಿ ಮಿಕ್ಕು, ಐದಾರು ವರ್ಷದಲ್ಲಿಯೇ ಬೆಲೆ ಹಿಂದಿರುಗುವುದು. ಕಲಬುರಗಿಗೆ ಸಲ್ಲುವ ವಿವೇಕ ಬೊಮ್ಮನಹಳ್ಳಿಗೆ ಸಲ್ಲದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ. ಇಲ್ಲಿ ಯಂತ್ರವನ್ನು 24 ಡಿಗ್ರಿಯಲ್ಲಿಟ್ಟು ಫ್ಯಾನನ್ನೂ ಜೊತೆಗೆ ಹಾಕಿಕೊಂಡರೆ, ಖರ್ಚಿಲ್ಲದೆಯೇ ಆ ಉಳಿತಾಯದ ಬಹುಭಾಗ ಕೈಸೇರುವುದು. ಚೀಟಿಯ ಮೇಲಣ ನಕ್ಷತ್ರಗಳನ್ನು ಹೋಲಿಸುವವರು ವರ್ಷವನ್ನೂ ನೋಡತಕ್ಕದ್ದು; 2018ರಲ್ಲಿಯೂ 2022ರಲ್ಲಿಯೂ ಅಳತೆಗೋಲನ್ನು ಬಿಗಿಗೊಳಿಸಿದುದರಿಂದ ಅಂದಿನ ಐದು ನಕ್ಷತ್ರ ಇಂದಿನ ಐದು ನಕ್ಷತ್ರವಲ್ಲ.

ನಾಲ್ಕು ಯಂತ್ರಗಳಲ್ಲಿ ಉಳಿತಾಯದ ಮತವು ಪೂರ್ಣವಾಗಿ ಸತ್ಯವಾಗುವುದು, ಯಾರೂ ಗಮನಿಸದ ಫ್ಯಾನಿನಲ್ಲಿ. ಹಳೆಯ ಸೀಲಿಂಗ್ ಫ್ಯಾನು ಸುಮಾರು 75 ವ್ಯಾಟ್ ನುಂಗುವುದು, ಬಿ.ಎಲ್.ಡಿ.ಸಿ. ಮೋಟಾರಿನ ಹೊಸ ಫ್ಯಾನು ಅದೇ ಗಾಳಿಯನ್ನು 30 ವ್ಯಾಟಿನಲ್ಲಿ ಬೀಸುವುದು. ದಿನಕ್ಕೆ 12 ಗಂಟೆಯಂತೆ ವರ್ಷದಲ್ಲಿ 300 ದಿನ ತಿರುಗುವ ಒಂದು ಫ್ಯಾನಿನಲ್ಲಿ 162 ಯೂನಿಟ್, ಎಂದರೆ 1,100 ರೂಪಾಯಿಗೆ ಮೇಲ್ಪಟ್ಟು ಮಿಗುವುದರಿಂದ, ಮೂರು ಸಾವಿರದ ಒಳಗಣ ಅದರ ಬೆಲೆ ಮೂರು ವರ್ಷದೊಳಗೆ ತೀರುವುದು. ನಾಲ್ಕು ಫ್ಯಾನಿನ ಮನೆಯಲ್ಲಿ ಬೇಸಿಗೆಯ ತಿಂಗಳೊಂದಕ್ಕೆ ಸುಮಾರು 65 ಯೂನಿಟ್ ಮಿಗಬಹುದು. 2023ರ ಜುಲೈ ತಿಂಗಳ ಬಳಕೆಯಿಂದ ಆರಂಭವಾದ, ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಯಲ್ಲಿ 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ಲನ್ನೇ ತೆರಬೇಕಾದುದರಿಂದ, ಆ ಗಡಿಯ ಆಚೆಗೊಮ್ಮೆ ಈಚೆಗೊಮ್ಮೆ ತೂಗುವ ಸಂಸಾರಕ್ಕೆ ಈ 65 ಯೂನಿಟ್ಟಿನ ಬೆಲೆ ಲೆಕ್ಕಕ್ಕಿಂತ ದೊಡ್ಡದು. ಫ್ಯಾನು ನಿಧಾನವಾದರೆ ಮಾತ್ರ ಹೆದರಬೇಕಿಲ್ಲ. ಹೆಚ್ಚಾಗಿ ಅದು ಕೆಪ್ಯಾಸಿಟರಿನ ದೋಷ, ಅಲ್ಪ ಖರ್ಚಿನ ಕೆಲಸ.

ಕೆಪ್ಯಾಸಿಟರಿನಂತೆ ಸಾವಿನ ವೇಷದಲ್ಲಿ ಬರುವ ಸಣ್ಣ ಕಾಯಿಲೆಗಳು ಇನ್ನೂ ಉಂಟು. ಎ.ಸಿ.ಯಿಂದ ಕೋಣೆಯೊಳಗೆ ನೀರು ತೊಟ್ಟಿಕ್ಕಿದರೆ ಬಹುಶಃ ನೀರು ಹೊರಹೋಗುವ ಕೊಳವೆಗೆ ಪಾಚಿ ಕಟ್ಟಿದೆ. ಸುರುಳಿಯ ಮೇಲೆ ಹಿಮಗಟ್ಟಿದರೆ ಮೊದಲು ಫಿಲ್ಟರನ್ನು ತೊಳೆದು ನೋಡತಕ್ಕದ್ದು. ಹೊಸೂರು ರಸ್ತೆಯ ಧೂಳಿನಲ್ಲಿ ಅದು ಎರಡು ವಾರಕ್ಕೇ ಮುಚ್ಚಿಹೋಗುವುದುಂಟು. ಗೀಸರಿನ ನೀರು ಸಣ್ಣದಾಗಿ ಬಂದರೆ ಷವರಿನ ತೂತುಗಳಲ್ಲಿ ಸುಣ್ಣ ಕೂತಿರಬಹುದು. ಬಿಸಿಲಿದ್ದೂ ಸೋಲಾರಿನ ನೀರು ಉಗುರುಬೆಚ್ಚಗಾದರೆ ಗಾಜಿನ ಮೇಲೆ ಧೂಳಿದೆಯೋ, ಯಾವುದಾದರೊಂದು ಮಿಕ್ಸರ್ ನಲ್ಲಿಯಲ್ಲಿ ತಣ್ಣೀರು ಬಿಸಿನೀರಿನ ದಾರಿಗೆ ನುಗ್ಗುತ್ತಿದೆಯೋ ನೋಡಬೇಕು. ಎ.ಸಿ.ಯ ಎಲೆಕ್ಟ್ರಾನಿಕ್ ಫಲಕವಾದ ಪಿ.ಸಿ.ಬಿ. ಹೋಗಿದೆಯೆಂದರೆ, ಅದನ್ನು ಕೆಡಿಸಿದ ವಿದ್ಯುತ್ತಿನ ಏರಿಳಿತಕ್ಕೆ ಸ್ಟೆಬಿಲೈಸರ್ ಹಾಕಿಸಿದ ಮೇಲೆಯೇ ಹೊಸ ಪಿ.ಸಿ.ಬಿ. ಹಾಕಿಸತಕ್ಕದ್ದು.

ಲೆಕ್ಕವನ್ನೆಲ್ಲ ಬದಿಗಿಟ್ಟು, ಒಂದು ದಿನವೂ ತಡೆಯದೆ ಕ್ರಮ ಕೈಗೊಳ್ಳಬೇಕಾದ ಸಂದರ್ಭಗಳು ಮೂರು. ಗೀಸರಿನ ನೀರಿನಲ್ಲಿ ಕೈ ಜುಮ್ಮೆಂದರೆ, ಅಥವಾ ಅದನ್ನು ಹಾಕಿದೊಡನೆ ವಿದ್ಯುತ್ತು ತಾನೇ ಕಡಿದುಹೋಗುತ್ತಿದ್ದರೆ, ಅದನ್ನು ಆ ಕ್ಷಣವೇ ನಿಲ್ಲಿಸಬೇಕು. 30 ಮಿಲಿ ಆಂಪಿಯರಿನ ಸೋರಿಕೆಗೇ ಕಡಿಯುವ ಆರ್.ಸಿ.ಸಿ.ಬಿ. ಇಲ್ಲದ ಬಚ್ಚಲುಮನೆಯಲ್ಲಿ ಗೀಸರಿರುವುದೇ ತಪ್ಪು. ಎರಡನೆಯದು, ಬಚ್ಚಲಿನೊಳಗೇ ಕೂಡಿಸಿದ ಗ್ಯಾಸ್ ಗೀಸರು: ಮುಚ್ಚಿದ ಕೋಣೆಯಲ್ಲಿ ಅದರ ಜ್ವಾಲೆ ಆಮ್ಲಜನಕವನ್ನು ತಿಂದು, ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮಾನಾಕ್ಸೈಡನ್ನು ಬಿಡುವುದು, ಸ್ನಾನಕ್ಕೆ ಹೋದವರು ಹೊರಗೆ ಬರದೆ ಹೋದ ದುರಂತಗಳನ್ನು ಈ ನಗರ ಮತ್ತೆ ಮತ್ತೆ ಕಂಡಿದೆ. ಅದನ್ನು ಹೊರಗಾಳಿಯಲ್ಲಿಡದೆ ಒಂದು ದಿನವೂ ಬಳಸಬಾರದು. ಮೂರನೆಯದು, ಮೂರನೆಯ ಅಂತಸ್ತಿನ ಹೊರಗೋಡೆಯಲ್ಲಿ ತುಕ್ಕುಹಿಡಿದ ತೋಳುಗಳ ಮೇಲೆ ಕುಳಿತ ಎ.ಸಿ. ಪೆಟ್ಟಿಗೆ, ಕೆಳಗೆ ಮಕ್ಕಳಾಡುವ ಬೀದಿಯಿದೆ.

ಬಾಡಿಗೆಯವರ ಕಷ್ಟವನ್ನು ಹೇಳದೆ ಈ ಸಮೀಕ್ಷೆ ಪೂರ್ಣವಾಗದು. ಬೊಮ್ಮನಹಳ್ಳಿಯಲ್ಲಿ ಯಂತ್ರವನ್ನು ಕೊಳ್ಳುವವರು ಮನೆಯೊಡೆಯರು, ಬಿಲ್ಲು ತೆರುವವರು ಬಾಡಿಗೆಯವರು. ಹನ್ನೊಂದು ತಿಂಗಳ ಕರಾರಿನಲ್ಲಿ ಬಂದವರಿಗೆ ಮೂರು ವರ್ಷದಲ್ಲಿ ತೀರುವ ಉಳಿತಾಯದಿಂದ ಪ್ರಯೋಜನವಿಲ್ಲ. ಒಡೆಯರಿಗೆ ಬಿಲ್ಲಿನ ಬಿಸಿ ತಟ್ಟುವುದಿಲ್ಲ. ಹೀಗೆ ಇಬ್ಬರಿಗೂ ಬೇಡವಾದ ಹಳೆಯ ಯಂತ್ರ ಮೂಲೆಯಲ್ಲಿ ಉಳಿಯುತ್ತದೆ. ಮನೆ ಖಾಲಿಯಾದಾಗ, ಸುಣ್ಣಬಣ್ಣದ ಜೊತೆಗೆ, ಒಡೆಯರು ಗೀಸರನ್ನು ಬಿಚ್ಚಿಸಿ ಶುದ್ಧಿಮಾಡಿಸಿ, ಕೊಂಡ ದಿನವನ್ನೂ ರಿಪೇರಿಯ ದಿನವನ್ನೂ ಅದರ ಮೈಮೇಲೆಯೇ ಬರೆದಿಡುವುದು ಸಣ್ಣ ಕೆಲಸವಾದರೂ ಧರ್ಮದ ಕೆಲಸ. ಬಿಡಬೇಕಾಗಿ ಬಂದ ಯಂತ್ರವನ್ನು ಗುಜರಿಗೆ ಎಸೆಯುವುದೂ ಸಲ್ಲದು. ಅಲ್ಲಿ ತಾಮ್ರಕ್ಕಾಗಿ ಕೊಳವೆಯನ್ನು ಕತ್ತರಿಸಿದಾಗ ಅನಿಲವೆಲ್ಲ ಆಕಾಶಕ್ಕೆ ಹೋಗುವುದು. 2023ರ ಏಪ್ರಿಲಿನಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳು ಹಳೆಯ ಯಂತ್ರದ ಹೊಣೆಯನ್ನು ತಯಾರಕರ ಮೇಲೆಯೂ ಇರಿಸಿವೆ. ಬೆಂಗಳೂರಿನ ಸಮೀಪದ ದಾಬಸ್‌ಪೇಟೆಯಲ್ಲಿ 2005ರಷ್ಟು ಹಿಂದೆಯೇ ಇ-ತ್ಯಾಜ್ಯವನ್ನು ಶಾಸ್ತ್ರೀಯವಾಗಿ ಬಿಡಿಸುವ ಘಟಕ ಆರಂಭವಾಯಿತೆಂಬುದು ನಮ್ಮ ನಾಡಿಗೆ ಹೆಮ್ಮೆಯ ವಿಷಯ.

ಕೊನೆಗೆ ಮತ್ತೆ ಆ ಶೀಟಿನ ಕೋಣೆಗಳ ಕಡೆಗೆ ಬರಬೇಕು. ಏಪ್ರಿಲಿನ ಮಧ್ಯಾಹ್ನ ಆ ಶೀಟು ಕಾದ ಹೆಂಚಿನಂತಾಗಿ, ರಾತ್ರಿಯ ಬಹುಭಾಗ ತನ್ನ ಶಾಖವನ್ನು ಕೆಳಗೆ ಮಲಗಿದವರ ಮೇಲೆ ಸುರಿಸುವುದು. ಫ್ಯಾನು ಆ ಬಿಸಿಗಾಳಿಯನ್ನೇ ತಿರುವಿ ಕೊಡುವುದು. ಅಲ್ಲಿ ಬದಲಿಸಬೇಕಾದುದು ಫ್ಯಾನಲ್ಲ, ಮಾಡು. ಕೆಡುಕನ್ನು ಕೆಡಿಸಿದುದರಲ್ಲಿ ಹುಡುಕಬೇಕೆಂಬ ಮಾತು ಇಲ್ಲಿ ತನ್ನ ಪೂರ್ಣಾರ್ಥವನ್ನು ಪಡೆಯುತ್ತದೆ. ತಂಪಿನ ಬೇಡಿಕೆಯನ್ನೇ 2037-38ರ ಹೊತ್ತಿಗೆ ಶೇಕಡ 20ರಿಂದ 25ರಷ್ಟು ತಗ್ಗಿಸಬೇಕೆಂದು 2019ರ ಭಾರತ ಶೀತಲೀಕರಣ ಕ್ರಿಯಾಯೋಜನೆ ಗುರಿಯಿಟ್ಟುಕೊಂಡಿದೆ. ಆ ಗುರಿಯ ದಾರಿ ಕಟ್ಟಡದ ಮೂಲಕವೇ ಹೋಗತಕ್ಕದ್ದು. ಯುಗಾದಿಗೆ ಮುನ್ನ ಮನೆಗೆ ಸುಣ್ಣ ಹೊಡೆಯುವುದು ನಮ್ಮಲ್ಲಿ ತಲೆತಲಾಂತರದಿಂದ ಬಂದ ಪದ್ಧತಿ. ಅದು ಬಿಸಿಲು ಏರುವ ಹೊತ್ತಿಗೆ ಸರಿಯಾಗಿಯೇ ಬರುತ್ತದೆ. ಆ ಸುಣ್ಣದ ಕುಂಚವನ್ನು ಗೋಡೆಯಲ್ಲಿಯೇ ನಿಲ್ಲಿಸದೆ ತಾರಸಿಗೂ ಶೀಟಿಗೂ ಏರಿಸಿದರೆ, ಬಿಳಿಯ ಮೈ ಬಿಸಿಲನ್ನು ಹಿಂದಕ್ಕೆ ಅಟ್ಟಿ, ಕೆಳಗಣ ಕೋಣೆಯನ್ನು ಕೆಲವು ಡಿಗ್ರಿಯಾದರೂ ತಂಪಾಗಿಸುವುದು. ಒಂದು ಬಕೆಟ್ ಸುಣ್ಣ, ಒಂದು ಭಾನುವಾರದ ಬೆಳಗು, ಒಡೆಯನ ಒಪ್ಪಿಗೆ: ಗಾರ್ಮೆಂಟಿನ ಪಾಳಿ ಮುಗಿಸಿ ಬಂದ ಹುಡುಗಿಯೊಬ್ಬಳು ಆ ರಾತ್ರಿ ನಿದ್ದೆಮಾಡಿಯಾಳು.